ಲುದ್ವಿನಾ ಅತ್ತೆಯ ಗೋಡೆ

ನಮ್ಮ ಗ್ರಾಪುವ್ಕಾದಲ್ಲಿ ಮನುಷ್ಯರಿಗೆ ಸ್ನಾನವಾಯಿತೇ ಎಂದು ಯಾರೂ ಕೇಳುವುದಿಲ್ಲ, ಮನೆಗೆ ಸ್ನಾನವಾಯಿತೇ ಎಂದು ಕೇಳುತ್ತಾರೆ. ಊರಿಗೆ ಇರುವುದು ಒಂದೇ ಬೀದಿ. ಅದರ ಎರಡೂ ಬದಿಗೆ ದಪ್ಪ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ ಕಟ್ಟಿದ ಮರದ ಮನೆಗಳು, ಹಿಂದೆ ತಾತ್ರಾ ಬೆಟ್ಟ. ವರ್ಷಕ್ಕೊಮ್ಮೆ, ಪರಮಪ್ರಸಾದದ ಹಬ್ಬಕ್ಕೆ ಮುಂಚೆ, ಮನೆಮನೆಯ ಹೆಂಗಸೂ ಏಣಿ ಹತ್ತಿ ಹೊರಗೋಡೆಯನ್ನು ಸೂರಿನಿಂದ ಅಡಿಪಾಯದವರೆಗೆ ಒಗೆಯುವ ಸೋಡಾ ಕರಗಿಸಿದ ನೀರು ಹಾಕಿ ಉಜ್ಜುತ್ತಾಳೆ. ಉಜ್ಜಿದ ಮನೆ ಬೆಣ್ಣೆಯ ಬಣ್ಣಕ್ಕೆ ತಿರುಗುತ್ತದೆ. ಉಜ್ಜದ ಮನೆ ಕಪ್ಪಾಗುತ್ತದೆ. ಕಪ್ಪು ಮನೆ ಎಂದರೆ ಒಳಗಿನ ಹೆಂಗಸು ಸತ್ತಿದ್ದಾಳೆ, ಇಲ್ಲವೇ ಸೋಮಾರಿಯಾಗಿದ್ದಾಳೆ ಎಂದರ್ಥ. ಊರಿನ ಮಟ್ಟಿಗೆ ಎರಡಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಸತ್ತವಳಿಗಾದರೆ ಒಂದು ಪ್ರಾರ್ಥನೆಯಾದರೂ ಸಿಗುತ್ತದೆ.

ಇಂಥ ಊರಿನಲ್ಲಿ ಅತ್ಯಂತ ಬೆಳ್ಳಗಿನ ಮನೆ ನನ್ನ ಗಂಡನ ಸೋದರತ್ತೆ ಲುದ್ವಿನಾ ಬಾಫಿಯಾ ಅವರದು. ಆ ಮನೆಯ ಬಲಭಾಗದ ಬಿಳಿಕೋಣೆಯಲ್ಲಿ ನಾನು, ನನ್ನ ಗಂಡ ಶಿಮೆಕ್, ಒಂಬತ್ತು ತಿಂಗಳ ಮಗಳು ತೆಕ್ಲಾ ಇದ್ದೇವೆ. ಎಡಭಾಗದ ಕರಿಕೋಣೆಯಲ್ಲಿ ಒಲೆ, ಅತ್ತೆ, ಮತ್ತು ಅತ್ತೆಯ ಅಭಿಪ್ರಾಯಗಳು. ಬಿಳಿಕೋಣೆಯಲ್ಲಿ ಹಿಂದೆ ಸಂತರ ಪಟಗಳೂ ಸತ್ತವರ ಹೆಣಗಳೂ ಮಾತ್ರ ಇರುತ್ತಿದ್ದವಂತೆ. ಮಗುವಿನ ತೊಟ್ಟಿಲು ಇಟ್ಟ ದಿನವೇ ಅತ್ತೆ ಇದನ್ನು ತಿಳಿಸಿ ನನಗೆ ಸಮಾಧಾನ ಮಾಡಿದರು.

ಬೇಸಿಗೆಯಲ್ಲಿ ದಿನಕ್ಕೆ ಎರಡು ಬಸ್ಸು ಪ್ರವಾಸಿಗಳು ಬರುತ್ತಾರೆ. ನಮ್ಮೂರಿನವರು ಒಂದು ಕಾಲದಲ್ಲಿ ಆಸ್ಟ್ರಿಯಾದ ಚಕ್ರವರ್ತಿಯ ಮೇಲೆ ದಂಗೆ ಎದ್ದಿದ್ದರು. ಆ ದಂಗೆ ಒಂದೂವರೆ ದಿನ ನಡೆಯಿತು. ಎರಡನೆಯ ದಿನ ಮಧ್ಯಾಹ್ನ ಹಿಮ ಬಿದ್ದದ್ದರಿಂದ ಮುಂದೂಡಲಾಯಿತು. ಇನ್ನೂ ಮುಂದೂಡಿದ ಸ್ಥಿತಿಯಲ್ಲೇ ಇದೆ. ದಂಗೆಯ ನಾಯಕ ಮಲಗಿದ್ದ ಮನೆ ಎಂದು ಪ್ರವಾಸಿ ಗೈಡು ಬೀದಿಯಲ್ಲಿ ಏಳು ಮನೆಗಳನ್ನು ತೋರಿಸುತ್ತಾನೆ. ಒಂದೂವರೆ ದಿನದಲ್ಲಿ ಆ ಮನುಷ್ಯ ಏಳು ಕಡೆ ಮಲಗಿದ್ದರೆ ದಂಗೆ ಯಾಕೆ ಸೋತಿತು ಎಂದು ಬೇರೆ ಹೇಳಬೇಕಾಗಿಲ್ಲ. ನಮ್ಮ ಮನೆಯೂ ಆ ಏಳರಲ್ಲಿ ಒಂದು. ಅದನ್ನು ಕಟ್ಟಿದ್ದು ದಂಗೆಯಾಗಿ ಇಪ್ಪತ್ತೈದು ವರ್ಷದ ಮೇಲೆ. ಒಳಗಿನ ತೊಲೆಯ ಮೇಲೆ ಇಸವಿಯನ್ನೇ ಕೆತ್ತಿದ್ದಾರೆ. ಒಬ್ಬ ಪ್ರವಾಸಿ ಅದನ್ನು ಓದಿ ಅತ್ತೆಯನ್ನು ಕೇಳಿಯೇಬಿಟ್ಟ.

"ಮಲಗಿದ್ದ ಕಣಪ್ಪಾ," ಎಂದರು ಅತ್ತೆ, ಆಲೂಗಡ್ಡೆ ರೊಟ್ಟಿಯನ್ನು ಒಲೆಯ ಮೇಲೆ ಮಗುಚುತ್ತಾ. "ಆಗ ಇದು ಇನ್ನೂ ಕಾಡಲ್ಲಿತ್ತು. ಮರದ ಕೆಳಗೆ ಮಲಗಿದ್ದ."

ಆ ಪ್ರವಾಸಿ ಅದನ್ನೂ ಬರೆದುಕೊಂಡ.

ಅತ್ತೆ ಹುಟ್ಟಿದ್ದು ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, ಅದೇ ಕರಿಕೋಣೆಯಲ್ಲಿ. ತಂದೆ ಎರಡು ವರ್ಷಕ್ಕೆಂದು ಶಿಕಾಗೋಗೆ ಹೋದರು. ಅಲ್ಲಿಂದ ಒಂದು ಫೋಟೋ ಬಂತು, ಕಾರಿಗೆ ಒರಗಿ ನಿಂತದ್ದು. ಕಾರೂ ಅವರದಲ್ಲ, ಪಕ್ಕದ ಹೆಂಗಸೂ ಅವರವಳಲ್ಲ. ಆಮೇಲೆ ತಾಯಿ ಆ ಫೋಟೋವನ್ನು ಸಂತರ ಪಟಗಳ ಸಾಲಿನಲ್ಲೇ ನೇತುಹಾಕಿದರು, ಆದರೆ ಮುಖ ಗೋಡೆಗೆ ಮಾಡಿ. ತಾಯಿಯ ಕೈ ಸೋಡಾ ನೀರಿಗೆ ಸೀಳಿ ರಕ್ತ ಬರತೊಡಗಿದ ವರ್ಷ ಹನ್ನೊಂದರ ಲುದ್ವಿನಾ ಏಣಿ ಹತ್ತಿದಳು. ಅಲ್ಲಿಂದ ಅರವತ್ತೆರಡು ವರ್ಷ, ಒಂದೂ ತಪ್ಪಿಲ್ಲ. ನಡುವೆ ಮೂವತ್ತು ವರ್ಷ ಸಹಕಾರ ಸಂಘದ ಹಾಲಿನ ಡೈರಿಯಲ್ಲಿ ಕ್ಯಾನು ತೊಳೆದರು. ಸರ್ಕಾರ ಬಿದ್ದಿತು, ಡೈರಿ ಮುಚ್ಚಿತು, ಚೌಕದ ಪ್ರತಿಮೆಯನ್ನು ಕಿತ್ತರು, ಬೇರೆ ಪ್ರತಿಮೆ ನಿಲ್ಲಿಸಿದರು. ಇತಿಹಾಸದ ಬಗ್ಗೆ ಅತ್ತೆಯನ್ನು ಕೇಳಿದರೆ ಅವರಿಗೆ ನೆನಪಿರುವುದು ಯಾವ ವರ್ಷ ಸೋಡಾ ಸಿಗಲಿಲ್ಲ, ಯಾವ ವರ್ಷ ಬ್ರಷ್ ಸಿಗಲಿಲ್ಲ ಎಂಬುದು.

ಮದುವೆಯೊಂದು ಆಗುವುದರಲ್ಲಿತ್ತು. ಯೆಂದ್ರೆಕ್ ಎಂಬ ಬಡಗಿ, ನೋಡಲು ಚೆನ್ನಾಗಿದ್ದ, ಪಿಟೀಲು ಬಾರಿಸುತ್ತಿದ್ದ. ಹೆಣ್ಣು ಕೇಳಲು ವೋಡ್ಕಾ ಬಾಟಲಿಯೊಂದಿಗೆ ಬಂದವನು ಸಂತೋಷ ಹೆಚ್ಚಾಗಿ ಒಂದು ಮಾತು ಆಡಿದ: "ಮದ್ವೆ ಆಗ್ಲಿ ಲುದ್ವಿನ್ಕಾ, ಗೋಡೆಗೆ ವಾರ್ನಿಷ್ ಹೊಡೆದುಬಿಡ್ತೀನಿ. ಆಮೇಲೆ ಜನ್ಮದಲ್ಲೇ ನೀನು ಉಜ್ಜೋದು ಬೇಡ." ಅದನ್ನು ಅವನು ಪ್ರೀತಿ ಎಂದುಕೊಂಡಿದ್ದ. ಅವಳು ಬಾಟಲಿಯನ್ನು ಅವನ ಕೈಗೇ ಕೊಟ್ಟು ಬಾಗಿಲು ತೋರಿಸಿದಳು. ಆರು ತಿಂಗಳಿಗೆ ಅವನು ಎದುರು ಮನೆಯ ವಾಲೆರ್ಕಾಳನ್ನು ಮದುವೆಯಾದ. ವಾಲೆರ್ಕಾಳ ಮನೆಗೆ ವಾರ್ನಿಷ್ ಬಿತ್ತು. ಅವನು ಸತ್ತು ಹದಿನಾರು ವರ್ಷವಾದರೂ ಆ ಗೋಡೆ ಇನ್ನೂ ಕಂದು ಬಣ್ಣಕ್ಕೆ ಮಿರಮಿರ ಮಿಂಚುತ್ತದೆ.

"ಒಳ್ಳೆ ಶವಪೆಟ್ಟಿಗೆ ಹಂಗೆ ಹೊಳೀತದೆ ಕಣೇ ನಿನ್ನ ಮನೆ," ಎಂದು ಅತ್ತೆ ಪ್ರತಿ ಭಾನುವಾರ ಪೂಜೆ ಮುಗಿಸಿ ಬರುವಾಗ ವಾಲೆರ್ಕಾಳಿಗೆ ಹೇಳುತ್ತಾರೆ.

"ಒಳಗಿರೋರು ಆರಾಮಾಗಿದಾರೆ ಬಿಡೇ," ಎನ್ನುತ್ತಾಳೆ ವಾಲೆರ್ಕಾ.

ಐವತ್ತು ವರ್ಷದ ಸ್ನೇಹ ಇವರದು.

ಪರಮಪ್ರಸಾದದ ಹಬ್ಬದ ದಿನ ಪಾದ್ರಿ ಪರಮಪ್ರಸಾದವನ್ನು, ಅಂದರೆ ಕ್ರಿಸ್ತನ ದೇಹವೇ ಎಂದು ನಂಬುವ ರೊಟ್ಟಿಯನ್ನು, ಹಿಡಿದು ನಡೆಯುವ ಮೆರವಣಿಗೆ ಊರಿನ ನಾಲ್ಕು ಮನೆಗಳ ಮುಂದೆ ನಿಲ್ಲುತ್ತದೆ. ಆ ನಾಲ್ಕು ಕಡೆ ಗೋಡೆಗೆ ಒರಗಿಸಿ ಹೂವು, ಬರ್ಚ್ ಮರದ ಎಳೆ ಕೊಂಬೆಗಳಿಂದ ಬಲಿಪೀಠ ಕಟ್ಟುತ್ತಾರೆ. ಮೂರನೆಯದು ಅತ್ತೆಯ ಅಜ್ಜಿಯ ಕಾಲದಿಂದ ನಮ್ಮ ಗೋಡೆಗೇ. ಗಂಡ, ಮಕ್ಕಳು, ಹೊಲ, ಹಸು ಯಾವುದೂ ಇಲ್ಲದ ಹೆಂಗಸಿಗೆ ವರ್ಷದಲ್ಲಿ ಹತ್ತು ನಿಮಿಷ ದೇವರು ಮನೆ ಬಾಗಿಲಿಗೆ ಬಂದು ನಿಲ್ಲುವುದೊಂದು ಉಳಿದಿತ್ತು. ಗೋಡೆ ಕಪ್ಪಾಗಿದ್ದರೆ ಬಲಿಪೀಠ ಬೇರೆ ಮನೆಗೆ ಹೋಗುತ್ತದೆ. ಒಮ್ಮೆ ಹೋದದ್ದು ತಿರುಗಿ ಬಂದ ದಾಖಲೆ ಊರಿನಲ್ಲಿಲ್ಲ.

ಹೋದ ಅಕ್ಟೋಬರಿನಲ್ಲಿ ಅತ್ತೆ ಬಿದ್ದು ಸೊಂಟದ ಮೂಳೆ ಮುರಿಯಿತು. ಏಣಿಯಿಂದ ಬಿದ್ದದ್ದಲ್ಲ, ಚರ್ಚಿನ ಮೆಟ್ಟಿಲಿನಿಂದ. ದೇವರು, ಏಣಿ ಇಬ್ಬರಲ್ಲಿ ನಂಬಿಕಸ್ಥರು ಯಾರು ಎಂದು ಅವರು ಆಮೇಲೆ ಪಾದ್ರಿಯನ್ನೇ ಕೇಳಿದರು. ಡಾಕ್ಟರು ಮಾತ್ರ ಏಣಿಯ ಮೇಲೆ ತಪ್ಪು ಹೊರಿಸಿ, ಇನ್ನು ಅದರ ನೆರಳಿನಲ್ಲೂ ನಿಲ್ಲಬಾರದು ಎಂದರು. ಶಿಮೆಕ್ ಏಣಿಯನ್ನು ಹುಲ್ಲಿನ ಕೊಟ್ಟಿಗೆಯ ಅಟ್ಟದಲ್ಲಿ ಅಡಗಿಸಿಟ್ಟ. ಏಣಿಯನ್ನು ಅಟ್ಟದಿಂದ ಇಳಿಸಲು ಇನ್ನೊಂದು ಏಣಿ ಬೇಕಾಗುತ್ತದೆ ಎಂಬುದು ನಮ್ಮ ಮನೆಯ ಗಂಡಸರ ದೂರದೃಷ್ಟಿಗೆ ಆಮೇಲೆ ಹೊಳೆಯಿತು.

ಹಬ್ಬಕ್ಕೆ ಮೂರು ವಾರ ಇರುವಾಗ ವಾಲೆರ್ಕಾ ಬಂದಳು. ಚರ್ಚಿನ ಜಪಮಾಲೆ ಸಂಘದ ಅಧ್ಯಕ್ಷೆ ಅವಳೇ. ಬಲಿಪೀಠಗಳ ಜವಾಬ್ದಾರಿಯೂ ಅವಳದೇ.

"ಲುದ್ವಿನಾ, ನಿನ್ನ ಸೊಂಟ ನೆನೆಸ್ಕೊಂಡ್ರೆ ನಂಗೆ ನಿದ್ದೇನೇ ಬರಲ್ಲ ಕಣೇ," ಎಂದು ಬೆಂಚಿನ ಮೇಲೆ ಕೂತಳು. "ಈ ವರ್ಷ ಯಾಕೆ ಸುಮ್ನೆ ಕಷ್ಟ ಪಡ್ತೀಯಾ? ಮೂರನೇದನ್ನ ನಮ್ಮ ಮನೆಗೆ ಇಟ್ಕೋತೀನಿ. ರಸ್ತೆ ದಾಟಿದ್ರೆ ಆಯ್ತಲ್ಲ."

"ಶವಪೆಟ್ಟಿಗೆಗೆ ಒರಗಿಸಿ ಪರಮಪ್ರಸಾದ ಇಡ್ತೀಯೇನೇ?"

"ಕರೀ ಗೋಡೆಗಿಂತ ವಾಸಿ ಅಲ್ವಾ?"

"ಯಾರ್ದೇ ಕರೀ ಗೋಡೆ?"

"ಯಾರು ಉಜ್ತಾರೆ ಹೇಳು ಮತ್ತೆ?" ಎಂದ ವಾಲೆರ್ಕಾ ನನ್ನ ಕಡೆ ನೋಡಿದಳು. ನಾನು ಆಗ ತೆಕ್ಲಾಳ ಮೂಗಿನ ಹತ್ತಿರ ಕೈಯಿಟ್ಟು ಉಸಿರು ಸರಿಯಾಗಿ ಬರುತ್ತಿದೆಯೇ ಎಂದು ನೋಡುತ್ತಿದ್ದೆ. ನನ್ನಿಂದ ಗೋಡೆ ಉಜ್ಜುವ ಕೆಲಸ ಆಗದು ಎಂಬುದಕ್ಕೆ ಅವಳಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಬೇರೆ ಮನೆಯ ಹೆಂಗಸರನ್ನು ಕರೆದು ಉಜ್ಜಿಸುವಂತಿಲ್ಲ, ಹಾಗೆ ಮಾಡಿದರೆ ಮನೆಯಲ್ಲಿ ಹೆಂಗಸಿಲ್ಲ ಎಂದು ಒಪ್ಪಿಕೊಂಡಂತೆ. ಗಂಡಸರು ಉಜ್ಜುವಂತಿಲ್ಲ; ಹಾಗೆ ಮಾಡಿದರೆ ಏನೆಂದು ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಯಾವ ಗಂಡಸೂ ಈವರೆಗೆ ಆ ಪ್ರಯೋಗ ಮಾಡಿಲ್ಲ. ಉಳಿದವಳು ನಾನು. ನನಗೋ ಸೋಡಾ ನೀರು ಮಗುವಿನ ಚರ್ಮಕ್ಕೆ ತಾಗೀತು, ನಾನು ಮೇಲಿರುವಾಗ ಅವಳು ಕೆಳಗೆ ಮೊಳೆ ನುಂಗಿಯಾಳು, ಬೆಟ್ಟದ ಬಿಸಿಗಾಳಿ ಎದ್ದು ಏಣಿಯನ್ನೇ ಕೆಡವೀತು, ಆಮೇಲೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಚಿಂತೆ.

"ನಿನ್ನ ಮಗು ಸಕ್ರೇದೇನೇ ಎದಿತಾ, ನೀರು ಬಿದ್ರೆ ಕರಗಕ್ಕೆ?" ಎಂದರು ಅತ್ತೆ. "ನಮ್ಮಮ್ಮ ನನ್ನ ತಮ್ಮನ್ನ ಏಣಿ ಕಾಲಿಗೆ ಕಟ್ಟಿಹಾಕಿ ಉಜ್ತಿದ್ಲು."

"ಅದಕ್ಕೇ ಇರ್ಬೇಕು ಮಾವ ಹಾಗಿದ್ದದ್ದು," ಎಂದೆ. ಮಾವ ಎಂದರೆ ಶಿಮೆಕ್‌ನ ತಂದೆ, ಅತ್ತೆಯ ಆ ತಮ್ಮನೇ. ಅತ್ತೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಹಬ್ಬಕ್ಕೆ ಹತ್ತೊಂಬತ್ತು ದಿನ ಉಳಿದಿತ್ತು.

ನಾನು ಓದಿದವಳು. ಕ್ರಾಕುವ್‌ನಲ್ಲಿ ಐದು ವರ್ಷ ಓದಿ ನೀರು ಸರಬರಾಜಿನ ಪದವಿ ಪಡೆದವಳು, ಕೊಳವೆಯಲ್ಲಿ ನೀರಿನ ಒತ್ತಡ ಎಷ್ಟಿರಬೇಕೆಂದು ಪುಟಗಟ್ಟಲೆ ಲೆಕ್ಕ ಹಾಕಿದವಳು. ಆದ್ದರಿಂದ ಈ ಊರಿನ ಹೆಂಗಸರಿಗೆ ನೂರೈವತ್ತು ವರ್ಷದಿಂದ ಹೊಳೆಯದ ಉಪಾಯ ನನಗೆ ಒಂದೇ ಬೆಳಿಗ್ಗೆ ಹೊಳೆಯಿತು. ಶಿಮೆಕ್‌ನ ಗೆಳೆಯನ ಗ್ಯಾರೇಜಿನಲ್ಲಿ ಲಾರಿ ತೊಳೆಯುವ ಯಂತ್ರವಿತ್ತು. ನೀರನ್ನು ಬಾಣದಂತೆ ಚಿಮ್ಮಿಸುತ್ತದೆ. ನೆಲದ ಮೇಲೆ ನಿಂತೇ ಸೂರಿನವರೆಗೆ ತೊಳೆಯಬಹುದು. ಏಣಿ ಬೇಡ, ಸೋಡಾ ಬೇಡ. ಶಿಮೆಕ್ ಅತ್ತೆಯನ್ನು ಸೊಂಟ ತೋರಿಸಲು ನೋವಿ ತಾರ್ಗ್ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ ಯಂತ್ರ ತರಿಸಿದೆ. ಮಗು ಕರಿಕೋಣೆಯಲ್ಲಿ ನಿದ್ದೆ ಮಾಡುತ್ತಿತ್ತು. ನಾನು ಗುಂಡಿ ಒತ್ತಿದೆ.

ಸತ್ಯ ಹೇಳಬೇಕೆಂದರೆ ಮೊದಲ ಐದು ನಿಮಿಷ ಸ್ವರ್ಗವೇ ಕಂಡಿತು. ಒಂದು ವರ್ಷದ ಕಪ್ಪು ಕರಗಿ ಇಳಿಯುತ್ತಿತ್ತು. ವಾಲೆರ್ಕಾ ಕಿಟಕಿಯ ಪರದೆ ಸರಿಸಿದ್ದು ಕಂಡು ನಾನು ಒತ್ತಡವನ್ನು ಇನ್ನಷ್ಟು ಹೆಚ್ಚಿಸಿದೆ.

ದಿಮ್ಮಿ ದಿಮ್ಮಿಯ ನಡುವಿನ ಸಂದಿಗೆ ನಮ್ಮಲ್ಲಿ ಸಿಮೆಂಟು ಹಾಕುವುದಿಲ್ಲ. ಮರವನ್ನು ಕೂದಲಿನಷ್ಟು ತೆಳ್ಳಗೆ ಹೆರೆದು, ಆ ನಾರನ್ನು ಹುಡುಗಿಯರ ಜಡೆಯಂತೆ ಹೆಣೆದು, ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ನೋಡಲು ಚಂದ, ಒಳಗೆ ಬೆಚ್ಚಗೆ. ಆ ಜಡೆಗಳು ನನ್ನ ವಿದ್ಯೆಗೆ ಹೆದರಿ ಒಂದೊಂದಾಗಿ ಹೊರಕ್ಕೆ ಹಾರತೊಡಗಿದವು. ಮೊದಲು ಒಂದು, ಆಮೇಲೆ ಒಂದಿಡೀ ಸಾಲು, ಹುಳುವಿನಂತೆ ಗಾಳಿಯಲ್ಲಿ ಹೊರಳಿ ಅಂಗಳದಲ್ಲಿ ಬಿದ್ದವು. ನಾನು ಯಂತ್ರ ನಿಲ್ಲಿಸಬೇಕಿತ್ತು. ಗಾಬರಿಯಲ್ಲಿ ತಪ್ಪು ಗುಂಡಿ ಒತ್ತಿದೆ. ನೀರು ಸಂದಿಗಳಿಂದ ನುಗ್ಗಿ ಬಿಳಿಕೋಣೆಯ ಸಂತರಿಗೆಲ್ಲ ಇನ್ನೊಮ್ಮೆ ದೀಕ್ಷಾಸ್ನಾನ ಮಾಡಿಸಿತು. ಮಗು ಆ ತೊಟ್ಟಿಲಿನಲ್ಲಿ ಇದ್ದಿದ್ದರೆ ಎಂದು ನೆನೆದು ನಾನು ಒದ್ದೆ ನೆಲದ ಮೇಲೆ ಕೂತು ಅತ್ತುಬಿಟ್ಟೆ. ನೀರು ಬಿದ್ದ ದಿಮ್ಮಿಗಳು ಒಣಗಿದ ಮೇಲೆ ಬೆದರಿದ ಬೆಕ್ಕಿನಂತೆ ಮೈಯೆಲ್ಲ ನಾರಿನ ರೋಮ ಎಬ್ಬಿಸಿಕೊಂಡು ನಿಂತವು.

ಅತ್ತೆ ಕಾರಿನಿಂದ ಇಳಿದು, ಊರುಗೋಲು ಊರಿಕೊಂಡು, ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ನಾನು ಬೈಗಳಿಗೆ ಸಿದ್ಧವಾಗಿ ಮಗುವನ್ನು ಗುರಾಣಿಯಂತೆ ಎದೆಗೆ ಹಿಡಿದು ನಿಂತಿದ್ದೆ. ಅವರು ಬಿಳಿಕೋಣೆಗೆ ಹೋಗಿ ಒಂದು ಸಂದಿಗೆ ಕಣ್ಣಿಟ್ಟರು.

"ಒಳ್ಳೇದಾಯ್ತು ಬಿಡು," ಎಂದರು. "ಇಲ್ಲೇ ಮಲಗಿ ವಾಲೆರ್ಕಾ ಅಡುಗೆ ಏನು ಅಂತ ನೋಡ್ಬೋದು. ಇವತ್ತು ಹುಳಿಕೋಸಿನ ಸಾರು."

"ಅತ್ತೆ, ನಂಗೆ ಗೊತ್ತಿರ್ಲಿಲ್ಲ..."

"ಐದು ವರ್ಷ ಓದಿದ್ದಿ ಅಲ್ವಾ? ಆರು ಓದಿದ್ರೆ ಚಾವಣೀನೂ ಹೋಗಿರೋದು."

ಅಷ್ಟು ಹೇಳಿ ತಮ್ಮ ಕೋಣೆಗೆ ಹೋದರು. ಅವರ ಬಾಗಿಲು ಆ ದಿನ ಮತ್ತೆ ತೆರೆಯಲಿಲ್ಲ. ಮರುದಿನ ಬೆಳಿಗ್ಗೆ ನಾನು ಆಲೂಗಡ್ಡೆ ರೊಟ್ಟಿ ಮಾಡಿ ಕೊಂಡುಹೋದರೆ ಅವರು ಹಾಸಿಗೆಯ ಅಂಚಿನಲ್ಲಿ ಹಬ್ಬದ ಶಾಲು ಮಡಿಚಿ ಪೆಟ್ಟಿಗೆಗೆ ಇಡುತ್ತಿದ್ದರು. ಹೂವಿನ ಚಿತ್ರದ ಆ ಶಾಲು ಬಲಿಪೀಠದ ಪಕ್ಕ ನಿಲ್ಲಲೆಂದೇ ಇರುವುದು.

"ವಾಲೆರ್ಕಾಗೆ ಹೇಳ್ಬಿಡು, ಇಟ್ಕೋ ಅಂತ," ಎಂದರು. ಮುಖ ತಿರುಗಿಸಲಿಲ್ಲ.

ಬೈದಿದ್ದರೆ ನಾನು ಎದುರು ಮಾತಾಡಿ ಗೆದ್ದುಬಿಡುತ್ತಿದ್ದೆ. ಅವರು ಬೈಯಲೇ ಇಲ್ಲ. ವಾಲೆರ್ಕಾಳ ಮನೆಗೆ ಹೋದೆ. ಅವಳು ಆಗಲೇ ತನ್ನ ಗೋಡೆಯ ಅಗಲವನ್ನು ಅಳೆಯುತ್ತಿದ್ದಳು.

"ಹೇಳಿ ಕಳ್ಸಿದ್ಲಾ?" ಎಂದು ಕೇಳಿದಳು.

"ಹೌದು," ಎಂದೆ. "ಹಬ್ಬದ ಗುರುವಾರ ಬೆಳಿಗ್ಗೆ ಒಳಗೆ ಗೋಡೆ ಬೆಳ್ಳಗೆ ಇರತ್ತೆ, ಬಲಿಪೀಠದ ಹಲಗೆ ನಮ್ಮ ಅಂಗಳಕ್ಕೇ ತನ್ನಿ ಅಂದ್ರು."

"ಅವಳೇ ಅಂದ್ಲಾ?"

"ನನ್ನ ಮಗಳ ಆಣೆ," ಎಂದುಬಿಟ್ಟೆ. ಆಮೇಲೆ ಮೂರು ದಿನ ತೆಕ್ಲಾಳ ಮೈ ಮುಟ್ಟಿ ಮುಟ್ಟಿ ಜ್ವರ ನೋಡಿದೆ.

ಹಾಗೆ, ಹತ್ತು ದಿನದೊಳಗೆ ಮೂವತ್ತು ಗಜ ಜಡೆ ಹೆಣೆಯುವ ಕೆಲಸ ಬಂತು. ಸುದ್ದಿ ಕೇಳಿ ಅತ್ತೆ ಶಾಲನ್ನು ಪೆಟ್ಟಿಗೆಯಿಂದ ತೆಗೆಯಲಿಲ್ಲ, ಆದರೆ ಪೆಟ್ಟಿಗೆಯ ಮುಚ್ಚಳವನ್ನೂ ಹಾಕಲಿಲ್ಲ. ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಶಿಮೆಕ್ ಮರ ಹೆರೆದು ನಾರಿನ ಮೂಟೆ ತಂದುಕೊಟ್ಟ. ಅವರು ಹೆಣೆದರು, ನಾನು ಸಂದಿಗೆ ಬಡಿದೆ. ತೆಕ್ಲಾಳನ್ನು ಅತ್ತೆಯ ಕುರ್ಚಿಯ ಕಾಲಿಗೆ ಏಪ್ರನ್ನಿನ ದಾರದಿಂದ ಕಟ್ಟಿದ್ದರು. ಅವಳು ಹೆರೆದ ನಾರನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನಾನು ಕೂಗಿದೆ.

"ನಾರು ತಿಂದ್ರೆ ಸಾಯಲ್ಲ, ಹಸು ತಿನ್ನಲ್ವಾ?" ಎಂದರು ಅತ್ತೆ. "ನೀನು ಸುತ್ತಿಗೆ ನೋಡ್ಕೊಂಡು ಹೊಡಿ. ಅದೇನು ಬಡಿಯೋದು, ಬಾಗಿಲು ತಟ್ಟೋ ಭಿಕ್ಷುಕನ ಥರ! ಮನೆ ನಿಂದು ಅನ್ನೋ ಥರ ಬಡಿ."

ಆಮೇಲೆ ಉಜ್ಜುವುದು. ರೋಮ ಎದ್ದ ದಿಮ್ಮಿಗಳನ್ನು ಸ್ಟೀಲ್ ನಾರಿನಿಂದ ಮರದ ಎಳೆ ಹೋದ ದಿಕ್ಕಿಗೇ ತಿಕ್ಕಬೇಕು, ಅಡ್ಡ ತಿಕ್ಕಿದರೆ ಗೀರು. ಕೆಳಗಿನ ನಾಲ್ಕು ದಿಮ್ಮಿಯನ್ನು ಅತ್ತೆ ಕುರ್ಚಿ ಸರಿಸಿಕೊಂಡು, ಕೂತಲ್ಲೇ ಉಜ್ಜಿದರು. ನಡುವಿನವು ಸ್ಟೂಲಿನ ಮೇಲೆ ನಿಂತ ನನ್ನ ಪಾಲು. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನಿಂತು ನೋಡಿ, ನನ್ನ ಕೈ ನೋಡಿ, ಒಂದೊಂದು ಸಲಹೆ ಕೊಟ್ಟು ಹೋದರು. ಎಲ್ಲ ಸಲಹೆಗಳೂ ಒಂದಕ್ಕೊಂದು ವಿರುದ್ಧವಾಗಿದ್ದವು. ಪ್ರವಾಸಿಗಳು ಫೋಟೋ ತೆಗೆದರು. ಗೈಡು ನನ್ನನ್ನು ತೋರಿಸಿ, ಈ ಹೆಣ್ಣುಮಗಳು ಪುರಾತನ ವಿದ್ಯೆಯನ್ನು ತಾಯಿಯಿಂದ ಕಲಿತವಳು ಎಂದ. ನನ್ನ ತಾಯಿ ಕ್ರಾಕುವ್‌ನ ನಾಲ್ಕನೇ ಮಹಡಿಯಲ್ಲಿ ಇರುತ್ತಾಳೆ, ಕಿಟಕಿಯ ಗಾಜು ಒರೆಸಲೂ ಜನ ಕರೆಸುತ್ತಾಳೆ.

ಬುಧವಾರ ಬೆಳಿಗ್ಗೆಗೆ ಸೂರಿನ ಕೆಳಗಿನ ಮೂರು ದಿಮ್ಮಿ ಉಳಿದವು. ಅದಕ್ಕೆ ಏಣಿಯೇ ಬೇಕು. ಬೆಣ್ಣೆಯಂಥ ಗೋಡೆಯ ನೆತ್ತಿಯ ಮೇಲೆ ಕಪ್ಪು ಪಟ್ಟಿ, ಸಾವಿನ ಮನೆಯ ಬಾವುಟದಂತೆ. ಶಿಮೆಕ್ ಅಕ್ಕಪಕ್ಕದವರಿಂದ ಏಣಿ ತಂದು, ನಮ್ಮ ಏಣಿ ಇಳಿಸಿ, ಒರಗಿಸಿ, ಕೆಲಸಕ್ಕೆ ಹೋಗಿದ್ದ. ನಾನು ಎರಡು ಮೆಟ್ಟಿಲು ಹತ್ತಿ ಇಳಿದೆ. ಮೂರು ಹತ್ತಿ ಇಳಿದೆ. ತೆಕ್ಲಾ ಅಳುತ್ತಾಳೆಂದು ಒಳಗೆ ಓಡಿದೆ, ಅವಳು ಅಳುತ್ತಿರಲಿಲ್ಲ. ಅವಳನ್ನು ಎತ್ತಿಕೊಂಡು ಹೊರಗೆ ಬಂದರೆ ಅತ್ತೆ ಊರುಗೋಲನ್ನು ಗೋಡೆಗೆ ಒರಗಿಸಿ, ಬಕೆಟ್ಟನ್ನು ತೋಳಿಗೆ ಹಾಕಿಕೊಂಡು, ಎಡಗಾಲನ್ನು ಏಣಿಯ ಮೊದಲ ಮೆಟ್ಟಿಲ ಮೇಲೆ ಇಟ್ಟಿದ್ದರು.

"ಅತ್ತೆ! ಇಳೀರಿ!"

"ಇನ್ನೂ ಹತ್ತೇ ಇಲ್ಲ, ಇಳಿಯೋದೆಲ್ಲಿಂದ?"

"ಡಾಕ್ಟರು ಏನಂದ್ರು?"

"ಡಾಕ್ಟ್ರು ಬಂದು ಉಜ್ತಾನಾ?" ಬಲಗಾಲನ್ನು ಕೈಯಿಂದ ಎತ್ತಿ ಮೆಟ್ಟಿಲ ಮೇಲೆ ಇಟ್ಟರು. ಮುಖ ಸುಣ್ಣದಂತಾಗಿತ್ತು. "ಅರವತ್ತೆರಡು ವರ್ಷ ಉಜ್ಜಿದೀನಿ ಕಣೇ. ಮೂರು ದಿಮ್ಮಿಗೋಸ್ಕರ ದೇವರನ್ನ ವಾರ್ನಿಷ್ ಮನೆಗೆ ಕಳಿಸ್ಲಾ? ಬಿದ್ರೆ ಬೀಳ್ತೀನಿ. ಬಿದ್ದು ಸತ್ರೆ ಗೋಡೆ ಕಪ್ಪಗಿದ್ರೂ ಒಂದು ಮರ್ಯಾದೆ ಇರತ್ತೆ."

"ಮಗೂನ ಹಿಡ್ಕೊಳ್ಳಿ," ಎಂದೆ.

"ಏನು?"

"ಮಗೂನ ಹಿಡ್ಕೊಳ್ಳಿ ಅತ್ತೆ, ಬ್ರಷ್ ಇತ್ತ ಕೊಡಿ. ನಾರು ತಿನ್ನೋಕೆ ಬಿಡ್ಬೇಡಿ. ಬಿಸಿಲಿಗೆ ಟೋಪಿ ಹಾಕಿ. ಅವಳ ಹಲ್ಲು..."

"ಹತ್ತೇ ಮೊದ್ಲು!"

ಹತ್ತಿದೆ. ಮೇಲೆ ಏನು ಮಾಡಿದೆನೆಂದು ವಿವರವಾಗಿ ಹೇಳಲಾರೆ, ಹೆಚ್ಚಿನ ಹೊತ್ತು ಕಣ್ಣು ಮುಚ್ಚಿದ್ದೆ. ಒಂದು ಕೈ ಏಣಿಗೆ, ಒಂದು ಕೈ ಬ್ರಷ್ಷಿಗೆ, ಬಾಯಿ ಎಲ್ಲ ಸಂತರಿಗೂ ಮೀಸಲು. ಸೋಡಾ ನೀರು ತೋಳಿನೊಳಗೆ ಇಳಿದು ಕಂಕುಳು ಉರಿಯುತ್ತಿತ್ತು. ಕೆಳಗಿನಿಂದ ಅತ್ತೆಯ ದನಿ ನಿಲ್ಲದೆ ಬರುತ್ತಿತ್ತು: ಎಡಕ್ಕೆ, ಇನ್ನೂ ಎಡಕ್ಕೆ, ಎಳೆ ಹೋದ ಕಡೆ ಕಣೇ, ಅಯ್ಯೋ ದೇವರೇ ಇವಳು ಪಾತ್ರೆಯಾದ್ರೂ ಹೆಂಗೆ ತೊಳೀತಾಳೋ. ಒಂದು ಸಲ ಮಾತ್ರ ಕೆಳಗೆ ನೋಡಿದೆ. ಅತ್ತೆ ಕುರ್ಚಿಯನ್ನು ಏಣಿಯ ಬುಡಕ್ಕೇ ಒತ್ತರಿಸಿಕೊಂಡು, ತೆಕ್ಲಾಳನ್ನು ಮಡಿಲಲ್ಲಿ ಕೂರಿಸಿಕೊಂಡು, ಎರಡೂ ಪಾದಗಳಿಂದ ಏಣಿಯ ಕಾಲನ್ನು ಅದುಮಿ ಹಿಡಿದಿದ್ದರು. ಆ ಮುರಿದ ಸೊಂಟದಲ್ಲಿ. ಮಧ್ಯಾಹ್ನದ ಗಂಟೆ ಹೊಡೆಯುವವರೆಗೂ ಹಾಗೇ ಕೂತಿದ್ದರು. ಇಳಿದ ಮೇಲೆ ನಾನು ಅಂಗಳದಲ್ಲೇ ಕೂತುಬಿಟ್ಟೆ, ಅವರಿಗೆ ಏಳಲಾಗಲಿಲ್ಲ. ಇಬ್ಬರನ್ನೂ ನೋಡಿ ತೆಕ್ಲಾ ನಕ್ಕಳು.

ಗುರುವಾರ ಬೆಳಿಗ್ಗೆ ಬಲಿಪೀಠದ ಹಲಗೆಗಳು ನಮ್ಮ ಅಂಗಳಕ್ಕೇ ಬಂದವು. ತಂದವಳು ವಾಲೆರ್ಕಾ, ಮುಖವನ್ನು ಉಪ್ಪಿನಕಾಯಿಯಂತೆ ಮಾಡಿಕೊಂಡು. ಹತ್ತೂವರೆಗೆ ಮೆರವಣಿಗೆ ಬಂತು. ಮುಂದೆ ಹೂವು ಚೆಲ್ಲುವ ಹುಡುಗಿಯರು, ಕಹಳೆ ಊದುವವನು, ಹಿಂದೆ ಊರಿನ ಗಂಡಸರು, ಬೆಳ್ಳಗಿನ ಉಣ್ಣೆ ಷರಾಯಿಯಲ್ಲಿ ಬೆವರುತ್ತಾ, ಛತ್ರಿಯ ಕೆಳಗೆ ಪಾದ್ರಿ. ಅತ್ತೆ ಶಾಲು ಹೊದ್ದು ಗೋಡೆಯ ಪಕ್ಕ ನಿಂತಿದ್ದರು. ಕುರ್ಚಿ ಬೇಡ ಎಂದಿದ್ದರು. ಹತ್ತು ನಿಮಿಷ ಅವರು ಯಾವ ಕಡೆಗೂ ನೋಡಲಿಲ್ಲ. ಸುವಾರ್ತೆ ಓದಿ, ಆಶೀರ್ವಾದ ಮುಗಿಸಿ, ಹೊರಡುವ ಮುಂಚೆ ಪಾದ್ರಿ ಗೋಡೆಯನ್ನು ಮೆಚ್ಚಿ ನೋಡಿದರು.

"ಈ ವಯಸ್ಸಲ್ಲಿ, ಈ ಸೊಂಟ ಇಟ್ಕೊಂಡು! ಊರಿಗೇ ಮಾದರಿ ನೀವು, ಲುದ್ವಿನಾ."

ಹೆಂಗಸರೆಲ್ಲ ತಲೆಯಾಡಿಸಿದರು. ನಾನೂ ಆಡಿಸಿದೆ. ಬೇರೇನು ಮಾಡಲಿ? ನನ್ನ ಎರಡೂ ಅಂಗೈಗೆ ಮುಲಾಮು ಹಚ್ಚಿ ಬಟ್ಟೆ ಸುತ್ತಿತ್ತು, ಮಗು ಹೆಗಲ ಮೇಲೆ ಜೊಲ್ಲು ಸುರಿಸುತ್ತಿತ್ತು.

ಅತ್ತೆ ಗಂಟಲು ಸರಿಮಾಡಿಕೊಂಡರು. ಪರಮಪ್ರಸಾದ ಎದುರಿಗೇ ಇತ್ತು. ಅದರ ಮುಂದೆ ಸುಳ್ಳು ಹೇಳುವಂತಿಲ್ಲ.

"ಎಲ್ಲಾ ನಂದಲ್ಲ ಫಾದರ್," ಎಂದರು, ಎದುರು ಮನೆಯವರಿಗೂ ಕೇಳುವಷ್ಟು ಗಟ್ಟಿಯಾಗಿ. "ಕೆಳಗಿನ ನಾಲ್ಕು ಮಾತ್ರ ನಂದು. ಮೇಲಿಂದೆಲ್ಲ ಇವಳು ಉಜ್ಜಿದ್ದು, ನಮ್ಮ ಎದಿತಾ."

ಪಾದ್ರಿಯಿಂದ ಹಿಡಿದು ಕಹಳೆಯವನವರೆಗೆ ಎಲ್ಲರೂ ಕತ್ತೆತ್ತಿ ಮೇಲಿನ ದಿಮ್ಮಿಗಳನ್ನು ನೋಡಿದರು.

"ಅದಕ್ಕೇ ಸ್ವಲ್ಪ ಮಂಕಾಗಿದೆ," ಎಂದು ಅತ್ತೆ ಮುಗಿಸಿದರು.